ಬರಲಿರುವ ಲೋಕದ ಮತಗಳು, ಅಲ್ಲಮನ ಕವಲುಗಳು

ವಿಜ್ಞಾನಕಥೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಯಂತ್ರ, ಆಕಾಶನೌಕೆ, ಅನ್ಯಗ್ರಹದ ಜೀವಿ. ಇಲ್ಲಿ ಮತಧರ್ಮಕ್ಕೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಆದರೆ ಇಲ್ಲದ ಲೋಕವೊಂದನ್ನು ಕಟ್ಟಹೊರಟ ಲೇಖಕ, ಅಲ್ಲಿಯ ಜನ ಏನನ್ನು ಉಣ್ಣುತ್ತಾರೆ, ಯಾವ ವಾಹನವನ್ನು ಏರುತ್ತಾರೆ ಎಂಬುದನ್ನು ಹೇಳಿದರೆ ಸಾಲದು; ಅವರು ಯಾವುದಕ್ಕೆ ಕೈಮುಗಿಯುತ್ತಾರೆ ಎಂಬುದನ್ನೂ ಹೇಳಬೇಕಾಗುತ್ತದೆ. ಹಾಗೆ ಹೇಳಿದ ಮರುಕ್ಷಣವೇ ಇನ್ನೊಂದು ತೊಡಕು ಎದುರಾಗುತ್ತದೆ. ಯಾವ ಲೋಕದಲ್ಲಿಯೂ ಎಲ್ಲರೂ ಒಂದೇ ಬಗೆಯಾಗಿ ಕೈಮುಗಿಯುವುದಿಲ್ಲ. ಮತವೆಂದರೆ ಕವಲು ಇದ್ದೇ ಇರುತ್ತದೆ. ಈ ಕವಲುಗಳು ಹೇಗೆ ಹುಟ್ಟುತ್ತವೆ, ಕಥೆಗಾರರು ಅವನ್ನು ಹೇಗೆ ಕಂಡಿದ್ದಾರೆ, ನಮ್ಮ ನಾಡಿನಲ್ಲಿ ಅದಕ್ಕೆ ಸಾಟಿಯಾದುದು ಏನಿದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಇಂದಿನ ಉದ್ದೇಶ.

ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' 1951ರಲ್ಲಿ ಪುಸ್ತಕವಾಗಿ ಬಂದಿತು. ಕುಸಿಯುತ್ತಿರುವ ಸಾಮ್ರಾಜ್ಯದ ಅಂಚಿನಲ್ಲಿ ಒಂದು ಪುಟ್ಟ ವಿದ್ವತ್ಸಮಾಜವು ಪರಮಾಣುಶಕ್ತಿಯ ಗುಟ್ಟನ್ನು ಪೂಜಾವಿಧಿಯ ಮುಸುಕಿನಲ್ಲಿಟ್ಟು, ಯಂತ್ರ ನಡೆಸುವವರನ್ನು ಪುರೋಹಿತರನ್ನಾಗಿ ಮಾಡಿ, ಸುತ್ತಲಿನ ರಾಜ್ಯಗಳನ್ನು ಹಿಡಿತದಲ್ಲಿ ಇರಿಸಿಕೊಳ್ಳುತ್ತದೆ. ವಾಲ್ಟರ್ ಮಿಲ್ಲರ್ ಅವರು 1959ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಪರಮಾಣುಯುದ್ಧದಿಂದ ಹಾಳಾದ ಭೂಮಿಯ ಮೇಲೆ ಸಂನ್ಯಾಸಿಗಳು ಲೀಬೋವಿಟ್ಸ್ ಎಂಬ ಎಂಜಿನಿಯರನ ಕೈಬರಹದ ಸಾಮಾನು ಪಟ್ಟಿಯನ್ನೂ ನಕಾಶೆಯನ್ನೂ ಪವಿತ್ರವಸ್ತುಗಳಂತೆ ಕಾಪಾಡುತ್ತಾರೆ. ಫ್ರಾಂಕ್ ಹರ್ಬರ್ಟ್ ಅವರ 1965ರ 'ಡ್ಯೂನ್'ನಲ್ಲಿ ಹಳೆಯ ಮತಗಳು ಒಂದರೊಡನೊಂದು ಬೆರೆತು ಗುರುತು ಸಿಗದಂತಾಗಿವೆ. ಅಷ್ಟೇ ಅಲ್ಲ, ಮುಂದೊಂದು ದಿನ ಉಪಯೋಗಕ್ಕೆ ಬಂದೀತೆಂದು ಮರುಭೂಮಿಯ ಜನರ ನಡುವೆ ದಂತಕಥೆಗಳನ್ನು ಬಿತ್ತುವ ಒಂದು ಸಂಸ್ಥೆಯೇ ಅಲ್ಲಿದೆ. ಈ ಮೂರೂ ದೊಡ್ಡ ಕೃತಿಗಳು. ಆದರೂ ಮೊದಲನೆಯದರಲ್ಲಿ ಮತವು ಒಂದು ಉಪಾಯ, ಎರಡನೆಯದರಲ್ಲಿ ಉಗ್ರಾಣ, ಮೂರನೆಯದರಲ್ಲಿ ಬಹುಮಟ್ಟಿಗೆ ಆಯುಧ.

ಇವುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ಅರ್ಸುಲಾ ಲೆಗ್ವಿನ್ ಎಂದು ನನ್ನ ಭಾವನೆ. 1969ರಲ್ಲಿ ಪ್ರಕಟವಾದ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿಯಲ್ಲಿ ಹಿಮ ಮುಚ್ಚಿದ ಒಂದು ಗ್ರಹವಿದೆ. ಅಲ್ಲಿಯ ಹಳೆಯ ಪಂಥದ ಹೆಸರು ಹಂದರ. ಅದಕ್ಕೆ ಸಿದ್ಧಾಂತವಿಲ್ಲ, ಪುರೋಹಿತರಿಲ್ಲ. ತಿಳಿದುದನ್ನು ಕಳೆದುಕೊಳ್ಳುವುದೇ ಅಲ್ಲಿಯ ಸಾಧನೆ. ಅದರ ಅನುಯಾಯಿಗಳು ಕತ್ತಲೆಯನ್ನು ಕೊಂಡಾಡುತ್ತಾರೆ. ಅವರಲ್ಲಿ ಮುಂದಾಗುವುದನ್ನು ನುಡಿಯಬಲ್ಲವರ ಗುಂಪೊಂದುಂಟು. ಆ ವಿದ್ಯೆಯನ್ನು ಅವರು ಉಳಿಸಿಕೊಂಡಿರುವುದಾದರೂ ಏಕೆ? ತಪ್ಪು ಪ್ರಶ್ನೆಗೆ ಸಿಕ್ಕ ಸರಿಯಾದ ಉತ್ತರವು ಎಷ್ಟು ನಿರರ್ಥಕ ಎಂಬುದನ್ನು ತೋರಿಸುವುದಕ್ಕಾಗಿ. ಬಹು ಹಿಂದೆ ಒಬ್ಬ ಪ್ರಭು ಈ ಗುಂಪನ್ನು ಬಲವಂತಪಡಿಸಿ, ಬಾಳಿನ ಅರ್ಥವೇನೆಂದು ಕೇಳುತ್ತಾನೆ. ದಿನಗಟ್ಟಲೆ ನಡೆದ ಆ ಪ್ರಯತ್ನದಲ್ಲಿ ಗುಂಪು ಒಡೆದು ಚೂರಾಗುತ್ತದೆ. ಅದರ ನಡುವೆ ಕುಳಿತಿದ್ದ ಮೇಶೆ ಎಂಬಾತನಿಗೆ ಮಾತ್ರ ಎಲ್ಲ ಕಾಲವೂ ಏಕಕಾಲದಲ್ಲಿ ಗೋಚರವಾಗುತ್ತದೆ. ಅವನಿಂದ ಯೋಮೆಶ್ ಎಂಬ ಹೊಸ ಪಂಥ ಹುಟ್ಟುತ್ತದೆ. ಅದಕ್ಕೆ ಎಲ್ಲವೂ ಬೆಳಕು, ಕತ್ತಲೆಯೆಂಬುದೇ ಇಲ್ಲ.

ಈ ಕವಲನ್ನು ನಾವು ನಂಬುತ್ತೇವೆ. ಕಾರಣ ಸರಳವಾದುದು. ಕಾಂಡವು ಕೇಳಲೊಲ್ಲದ ಪ್ರಶ್ನೆಯನ್ನು ಕವಲು ಕೇಳಿದೆ. ಸಾಮಾನ್ಯ ಲೇಖಕನು ಒಂದು ಪಂಥಕ್ಕೆ ನೀಲಿ ನಿಲುವಂಗಿ, ಇನ್ನೊಂದಕ್ಕೆ ಕೆಂಪು ನಿಲುವಂಗಿ ತೊಡಿಸಿ, ಒಂದಕ್ಕೆ ಮೂರು ದೇವರು, ಇನ್ನೊಂದಕ್ಕೆ ಏಳು ದೇವರು ಎಂದು ಹಂಚಿಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅದು ಪಟ್ಟಿಯಾಗುತ್ತದೆಯೇ ಹೊರತು ಪರಂಪರೆಯಾಗುವುದಿಲ್ಲ. ಯಾರ ಹಸಿವು ಯಾವ ಕವಲನ್ನು ಹುಟ್ಟಿಸಿತು ಎಂಬುದು ತಿಳಿಯದೆ ಮತದ ಕಥೆ ಕಥೆಯಾಗಲಾರದು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವಿಜ್ಞಾನಕಥೆಗೆ ಒಂದು ನೆಲೆಯನ್ನು ಒದಗಿಸಿಕೊಟ್ಟರು. ಬರಲಿರುವ ಲೋಕದ ಮತವೊಂದನ್ನು ಕಲ್ಪಿಸಬಯಸುವ ಕನ್ನಡ ಲೇಖಕನು ಹಂದರ, ಯೋಮೆಶ್‌ಗಳನ್ನು ಓದಲಿ. ಓದಿದ ಮೇಲೆ ಒಮ್ಮೆ ಕೃಷ್ಣಾನದಿಯ ದಡಕ್ಕೆ ಬರಲಿ ಎನ್ನುತ್ತೇನೆ. ನಾನು ರಾಯಚೂರು ಸೀಮೆಯವನು. ಊರಿನ ಅಭಿಮಾನದಿಂದ ಈ ಮಾತು ಬಂದಿತೆಂದು ಭಾವಿಸಿದರೂ ಅಡ್ಡಿಯಿಲ್ಲ.

ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ಬಲದಂಡೆಯ ಮೇಲೆ ಗೂಗಲ್ ಎಂಬ ಊರಿದೆ. ಈ ಹೆಸರನ್ನು ಕೇಳಿದೊಡನೆ ಇಂದಿನ ತರುಣರ ಮುಖದಲ್ಲಿ ನಗೆ ಮೂಡುತ್ತದೆ. ಕೇಳಿದ ಪ್ರಶ್ನೆಗೆಲ್ಲ ಕ್ಷಣಾರ್ಧದಲ್ಲಿ ಸಾವಿರ ಉತ್ತರ ತಂದೊಡ್ಡುವ ಕಂಪ್ಯೂಟರ್ ಸಂಸ್ಥೆಯ ಹೆಸರು ಅವರ ನೆನಪಿಗೆ ಬರುತ್ತದೆ. ನಮ್ಮ ಗೂಗಲ್ಲಿನಲ್ಲಿ ಇರುವವನು ಉತ್ತರಗಳನ್ನೇ ಪ್ರಶ್ನೆಗಳನ್ನಾಗಿ ತಿರುಗಿಸಿಬಿಡುತ್ತಿದ್ದ ಅಲ್ಲಮಪ್ರಭು. ಅಲ್ಲಿ ಅವನ ಗುಡಿಯಿದೆ. ಮೇಲುಗಡೆ ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಹೊಳೆ ಗುಡಿಯವರೆಗೂ ಏರಿಬರುವುದುಂಟು. ಬಸವನ ಹೆಸರಿನ ಜಲಾಶಯದಿಂದ ಪ್ರಭುವಿನ ಗುಡಿಗೆ ನೀರು ಬರುತ್ತದೆಂಬುದು ಕಾಕತಾಳೀಯವಾದರೂ ಸೊಗಸಾದ ಸಂಗತಿ. ಕಲ್ಲಿನ ದೇವರನ್ನೂ ಕಲ್ಲಿನ ದೇಗುಲವನ್ನೂ ಕಟುವಾಗಿ ಪ್ರಶ್ನಿಸಿದವನಿಗೇ ಜನ ಗುಡಿ ಕಟ್ಟಿದರಲ್ಲ ಎಂದು ಪಂಡಿತರು ಹುಬ್ಬು ಗಂಟಿಕ್ಕಬಹುದು. ಬಯಲನ್ನು ಬೋಧಿಸಿದವನಿಗೂ ಒಂದು ನೆರಳು ಬೇಕೆಂದು ಹೊಲದಲ್ಲಿ ದುಡಿದು ಬಂದವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಕವಲೊಡೆಯುವುದು ಆರಂಭವಾಗುವುದೇ ಇಂಥಲ್ಲಿ.

ಒಮ್ಮೆ 'ಪ್ರಭುಲಿಂಗಲೀಲೆ'ಯ ಪಾಠ ನಡೆದಿದ್ದಾಗ ಈ ಹೊಳೆಸಾಲಿನ ಹಳ್ಳಿಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಹರಿಹರನ ಅಲ್ಲಮ ಖರೇನೋ, ಚಾಮರಸನ ಅಲ್ಲಮ ಖರೇನೋ?" ಎಂದು ಕೇಳಿದ. ಪ್ರಶ್ನೆ ಸಣ್ಣದಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮನು ಮದ್ದಳೆ ನುಡಿಸುವ ಒಬ್ಬ ತರುಣ; ಕಮಲತೆಯೆಂಬವಳಲ್ಲಿ ಅನುರಕ್ತನಾಗಿ, ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆದು, ಆ ದುಃಖದ ಕೊನೆಯಲ್ಲಿ ಅನಿಮಿಷನನ್ನು ಕಂಡು ಬೇರೆಯೇ ಮನುಷ್ಯನಾಗುತ್ತಾನೆ. 15ನೆಯ ಶತಮಾನದ ಚಾಮರಸನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ಅಲ್ಲಮನು ಹುಟ್ಟಿನಿಂದಲೇ ನಿರ್ಲಿಪ್ತ. ಮಾಯೆಯೇ ಮೋಹಗೊಂಡು ಅವನ ಬೆನ್ನು ಹತ್ತಿ ಸೋಲುತ್ತಾಳೆ. ಒಬ್ಬನು ಮನುಷ್ಯ ಪ್ರಭುವಾದ ಕಥೆ ಹೇಳಿದ. ಇನ್ನೊಬ್ಬನು ಪ್ರಭು ಮನುಷ್ಯರ ನಡುವೆ ಆಡಿಹೋದ ಲೀಲೆಯನ್ನು ಹೇಳಿದ. ನಾನು ಆ ಹುಡುಗನನ್ನು, "ನಿಮ್ಮ ಕಡೆ ಗುಡಿಯಲ್ಲಿರುವವನು ಇವರಲ್ಲಿ ಯಾರಪ್ಪಾ?" ಎಂದು ಮರಳಿ ಕೇಳಿದೆ. ಅವನು ತಡಮಾಡದೆ, "ನಮ್ಮವ್ವ ಹರಕಿ ಹೊತ್ತಾಳಲ್ರೀ ಸರ್, ಆ ಅಲ್ಲಮ" ಎಂದ. ತರಗತಿ ನಕ್ಕಿತು. ಆದರೆ ಅವನು ಮೂರನೆಯ ಕವಲೊಂದನ್ನು ಹೆಸರಿಸಿದ್ದ.

ಬರಹದ ಪರಂಪರೆಯಲ್ಲಿಯೂ ಕವಲು ನಿಲ್ಲಲಿಲ್ಲ. ಶರಣರ ವಚನಗಳನ್ನು ಆಯ್ದು, ಅಲ್ಲಮನನ್ನು ನಡುವೆ ನಿಲ್ಲಿಸಿ, ಸಂವಾದದ ರೂಪದಲ್ಲಿ ಹೆಣೆದ 'ಶೂನ್ಯಸಂಪಾದನೆ' ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಎಂಬ ನಾಲ್ವರು ನಾಲ್ಕು ಸಲ ಅದನ್ನು ಕಟ್ಟಿದರು. ಮೊದಲ ಸಂಕಲನದಲ್ಲಿ ಇರದ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗವು ಮುಂದೆ ಬಂದು ಸೇರಿಕೊಂಡಿತು. ದೀಕ್ಷೆಯಿಲ್ಲದೆಯೂ ಸಿದ್ಧರಾಮನು ಶರಣನೇ, ಅಲ್ಲವೇ ಎಂಬ ಪ್ರಶ್ನೆ ಅದರ ಹಿಂದಿತ್ತು. ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಆ ಪ್ರಶ್ನೆಯ ತಿರುಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾವೀಗ ಹೊಳೆ ದಾಟಿ ಎಡದಂಡೆಗೆ ಹೋಗಬೇಕು.

ಆ ಕಡೆ, ಇಂದಿನ ಯಾದಗಿರಿ ಜಿಲ್ಲೆಯಲ್ಲಿ, ಕೊಡೇಕಲ್ಲು ಇದೆ. ಕಲ್ಯಾಣದ ಶರಣರು ಚದುರಿಹೋದ ಶತಮಾನಗಳ ಅನಂತರ ಇಲ್ಲಿ ಇನ್ನೊಬ್ಬ ಬಸವಣ್ಣ ಕಾಣಿಸಿಕೊಂಡ. ಕೊಡೇಕಲ್ ಬಸವಣ್ಣನ ಹೆಸರಿನಲ್ಲಿ ಉಳಿದುಬಂದಿರುವ ಸಾಹಿತ್ಯದಲ್ಲಿ ಮುಖ್ಯವಾದದ್ದು ಕಾಲಜ್ಞಾನ, ಎಂದರೆ ಮುಂದಾಗುವುದರ ನುಡಿ. ಕೇಡಿನ ಕಾಲ, ಯುದ್ಧ, ಆಮೇಲೆ ಶರಣರು ಮರಳಿ ಬಂದು ಕಟ್ಟುವ ಒಳ್ಳೆಯ ಕಾಲ ಎಂಬುದು ಕಾಲಜ್ಞಾನಗಳ ಸಾಮಾನ್ಯ ಧಾಟಿ. ಇದನ್ನು ಬರೆದಿಟ್ಟದ್ದು ಅಮರಗನ್ನಡವೆಂಬ ಗುಪ್ತಭಾಷೆಯಲ್ಲಿ. ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಹೊರಗಿನವರಿಗೆ ಅರ್ಥವಾಗದಂತೆ ಮಾಡಿದ ಕನ್ನಡ ಅದು. ಯಾವ ವಿಜ್ಞಾನಕಥೆಯ ಲೇಖಕನಾದರೂ ಇಂಥ ಸಂಕೇತಲಿಪಿಯನ್ನು ಕಲ್ಪಿಸಿದ್ದರೆ ನಾವು ಅವನ ಜಾಣ್ಮೆಯನ್ನು ಮೆಚ್ಚುತ್ತಿದ್ದೆವು. ಕಾಲಜ್ಞಾನವನ್ನು ಬರಿಯ ಭವಿಷ್ಯವಾಣಿಯೆಂದು ಓದಿ, ಯಾವುದು ನಿಜವಾಯಿತು, ಯಾವುದು ಆಗಲಿಲ್ಲ ಎಂದು ಲೆಕ್ಕ ಹಾಕುವುದರಿಂದ ಪ್ರಯೋಜನವಿಲ್ಲ. ಕಲ್ಯಾಣ ಸೋತಿತು ಎಂಬುದನ್ನು ಒಪ್ಪಿಕೊಳ್ಳದವರು ಅದನ್ನು ಹಿಂದಿನ ಕಾಲದಿಂದ ಎತ್ತಿ ಮುಂದಿನ ಕಾಲದಲ್ಲಿ ಇಟ್ಟರು. ಕಾಲಜ್ಞಾನದ ಒಳಗುಟ್ಟು ಇದೇ ಎಂದು ನನಗೆ ತೋರುತ್ತದೆ.

ಅದೇ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಗುಡಿಯಿದೆ. ವಿಶ್ವಕರ್ಮ ಸಮಾಜದಲ್ಲಿ ಹುಟ್ಟಿದ ಈ ಸಂತನನ್ನು ಹಿಂದೂಗಳು ಮೌನೇಶನೆಂದೂ ಮುಸಲ್ಮಾನರು ಮೌನುದ್ದೀನನೆಂದೂ ಕರೆಯುತ್ತಾರೆ. ಭಕ್ತರು ಕೂಗುವ ಜಯಘೋಷದಲ್ಲಿಯೇ ಪೀರ್ ಎಂಬ ಮಾತು ಸೇರಿದೆ. ಎರಡು ಮತಗಳನ್ನು ಕೂಡಿಸಿದ ಮಹಾನುಭಾವ ಎಂದು ಭಾಷಣಗಳಲ್ಲಿ ಹೇಳುವುದು ರೂಢಿ. ಆದರೆ ಜಾತ್ರೆಗೆ ಬರುವ ಒಕ್ಕಲಿಗನೂ ಬಡಗಿಯೂ ಸಾಬರೂ ಮೊದಲು ಎರಡಾಗಿದ್ದು ಆಮೇಲೆ ಒಂದಾದವರಂತೆ ನಡೆದುಕೊಳ್ಳುವುದಿಲ್ಲ. ಅವರ ಪಾಲಿಗೆ ಅವನು ತಮ್ಮ ಹೊಳೆಯ ಸಂತ. ಎರಡು ಹೆಸರು, ಒಂದೇ ಕರೆ.

ಈ ಮರದ ಅತ್ಯಂತ ದೂರದ ಕೊಂಬೆ ಇರುವುದು ಕಾವೇರಿಯ ಸೀಮೆಯಲ್ಲಿ. ಮಳವಳ್ಳಿ, ಕೊಳ್ಳೇಗಾಲದ ಕಡೆ ತಂಬೂರಿ ಹಿಡಿದ ನೀಲಗಾರರು ರಾತ್ರಿಯೆಲ್ಲ ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತಾರೆ. ಮಂಟೇಸ್ವಾಮಿಗೂ ಕೊಡೇಕಲ್ಲಿನ ಪರಂಪರೆಗೂ ಸಂಬಂಧವುಂಟೆಂದು ವಿದ್ವಾಂಸರು ಕೆಲವರು ಗುರುತಿಸಿದ್ದಾರೆ; ನೀಲಗಾರರಿಗಂತೂ ಅವನು ಅಲ್ಲಮಪ್ರಭುವೇ. ಆ ಕಥೆಯಲ್ಲಿ ಪ್ರಭುವು ಕೊಳೆತು ನಾರುವ ಮೈಯ ರೋಗಿಯಾಗಿ, ಹೊಲೆಯರವನಾಗಿ, ಬಸವಣ್ಣನ ಕಲ್ಯಾಣದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಳಗಿರುವ ಶರಣರು ಮೂಗು ಮುಚ್ಚಿಕೊಂಡು ಅವನನ್ನು ತಿಪ್ಪೆಗೆ ಎಸೆಯುತ್ತಾರೆ. ಬಸವಣ್ಣ, ನೀಲಮ್ಮ ಮಾತ್ರ ಅವನನ್ನು ಹುಡುಕಿಕೊಂಡು ಹೊರಡುತ್ತಾರೆ. ಆಮೇಲೆ ಅವನು ಕಲ್ಯಾಣವನ್ನು ಬಿಟ್ಟು ದಕ್ಷಿಣಕ್ಕೆ ನಡೆದು, ರಾಚಪ್ಪಾಜಿ, ಚೆನ್ನಾಜಮ್ಮ, ಕಮ್ಮಾರರ ಮಗ ಕೆಂಪಾಚಾರಿ ಮುಂತಾದವರನ್ನು ತನ್ನ ಶಿಶುಮಕ್ಕಳನ್ನಾಗಿ ಪಡೆಯುತ್ತಾನೆ. ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರುಗಳಲ್ಲಿ ಇವರ ಗದ್ದುಗೆಗಳಿವೆ. ಕೆಂಪಾಚಾರಿಯೇ ಚಿಕ್ಕಲ್ಲೂರಿನ ಸಿದ್ಧಪ್ಪಾಜಿ.

ಜಾತಿಯನ್ನು ಮೀರುತ್ತೇನೆಂದು ಹೊರಟ ಕಲ್ಯಾಣವನ್ನೇ, ನಿನ್ನ ಬಾಗಿಲು ನಿಜವಾಗಿ ತೆರೆದಿದೆಯೇ ಎಂದು ಕೇಳಿದ ಕವಲು ಇದು. ಕೇಳಿದವನನ್ನು ಹೊರಗಿನ ಶತ್ರುವೆಂದು ಹೇಳುವಂತಿಲ್ಲ; ಅವನು ಶೂನ್ಯಸಿಂಹಾಸನದ ಒಡೆಯ, ಕಲ್ಯಾಣದ ಅಂತರಂಗದವನು. ಲೆಗ್ವಿನ್ ಅವರ ಮೇಶೆ ಬಾಳಿನ ಅರ್ಥದ ಪ್ರಶ್ನೆಯಿಂದ ಕವಲೊಡೆದ. ನಮ್ಮ ಮಂಟೇಸ್ವಾಮಿ ತಿಪ್ಪೆಯ ಮೇಲಿನಿಂದ ಕವಲೊಡೆದ. ಎರಡನೆಯದು ಹೆಚ್ಚು ಭಾರವಾದ ಪ್ರಶ್ನೆಯೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಇದು ಹಳೆಯ ಕಾಲದ ಕಥೆಯಾಗಿ ಮುಗಿದಿಲ್ಲ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಅಡಿಗೆ ಮಾಡಿ ಒಟ್ಟಿಗೆ ಉಣ್ಣುವ ಪಂಕ್ತಿಸೇವೆಯುಂಟು. ಅದರಲ್ಲಿ ಮಾಂಸದ ಅಡಿಗೆಯೂ ಸೇರಿದೆ. ಇದು ಪ್ರಾಣಿಬಲಿ ಎಂದು ಇತ್ತೀಚಿನ ವರ್ಷಗಳಲ್ಲಿ ನಿರ್ಬಂಧ ಬಂದಾಗ, ಇದು ಬಲಿಯಲ್ಲ, ಸಹಭೋಜನ ಎಂದು ಒಕ್ಕಲಿನವರು ವಾದಿಸಿದರು. ದಯೆಯ ಹೆಸರಿನಲ್ಲಿ ಮಾತಾಡುವವರ ಕಳಕಳಿಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಪಂಕ್ತಿಯಲ್ಲಿ ಕೂತವರ ತಟ್ಟೆಯನ್ನು ನೋಡಿ ಮೂಗು ಮುಚ್ಚಿಕೊಳ್ಳುವ ಮೊದಲು, ಕಲ್ಯಾಣದ ಬಾಗಿಲಲ್ಲಿ ಮೂಗು ಮುಚ್ಚಿಕೊಂಡವರು ಯಾರನ್ನು ಕಳೆದುಕೊಂಡರು ಎಂಬುದನ್ನು ಅದೇ ಕಥೆಯಿಂದ ತಿಳಿಯಬೇಕು. ಹಾಗೆಯೇ ತಿಂಥಣಿಯ ಸಂತನ ಎರಡು ಹೆಸರುಗಳಲ್ಲಿ ಒಂದು ಸರಿ, ಇನ್ನೊಂದು ಆಮೇಲೆ ಅಂಟಿಸಿದ್ದು ಎಂದು ತೀರ್ಪು ಕೊಡಲು ಹೊರಡುವವರೂ ಉಂಟು. ಅಲ್ಲಮನಿಗೂ ಒಂದೇ ಚರಿತ್ರೆ ಇರಬೇಕೆಂದು ಹಟ ಹಿಡಿದರೆ ಹರಿಹರನನ್ನೋ ಚಾಮರಸನನ್ನೋ ಆ ವಿದ್ಯಾರ್ಥಿಯ ತಾಯಿಯನ್ನೋ ಹೊರಗೆ ಕಳುಹಿಸಬೇಕಾಗುತ್ತದೆ.

ಕವಲುಗಳನ್ನು ಸವರಿ ಮರವನ್ನು ನೆಟ್ಟಗೆ ಮಾಡುವವರಿಗೆ ಕಂಬ ಸಿಕ್ಕೀತು, ನೆರಳು ಸಿಕ್ಕದು. ಬರಲಿರುವ ಶತಮಾನಗಳ ಕಥೆ ಬರೆಯುವ ತರುಣ ಲೇಖಕರಿಗೆ ನನ್ನ ಬಿನ್ನಹ ಇಷ್ಟೇ: ನೀವು ಕಲ್ಪಿಸುವ ಗ್ರಹದಲ್ಲಿ ಮತವೊಂದನ್ನು ಸ್ಥಾಪಿಸುವಾಗ ಅದರ ದೇವರು ಯಾರು, ಗ್ರಂಥ ಯಾವುದು ಎಂಬುದನ್ನು ನಿಧಾನವಾಗಿ ಬರೆಯಿರಿ. ಅದರ ಬಾಗಿಲ ಹೊರಗೆ ಯಾರು ನಿಂತಿದ್ದಾರೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಮುಂದಿನ ಕವಲು ಅಲ್ಲಿಂದಲೇ ಹೊರಡುತ್ತದೆ. ನಿಮ್ಮ ಕಥೆಯೂ ಅಲ್ಲಿಂದಲೇ ಹೊರಡಲಿ.