ಅಗ್ಗದ ಮಾತ್ರೆ, ದುಬಾರಿ ಅಜ್ಞಾನ

(ಕಾಲೇಜು ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಶ್ವವಿದ್ಯಾನಿಲಯಗಳಲ್ಲಿ ಇತ್ತೀಚೆಗೆ ನಡೆದ ವೈದ್ಯಕೀಯ ಸಂಶೋಧನೆಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದಾಗ ನಾನು ಸ್ವಲ್ಪ ಹಿಂಜರಿದೆ. ನಾನು ವೈದ್ಯನಲ್ಲ, ವಿಜ್ಞಾನದ ವಿದ್ಯಾರ್ಥಿಯೂ ಅಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಕಲಾ ವಿಭಾಗದಲ್ಲಿ ಪದವಿ ಪಡೆದು ಪತ್ರಿಕಾ ವೃತ್ತಿಗೆ ಬಂದವನು. ಆದ್ದರಿಂದ ಹಲವು ಸಂಶೋಧನೆಗಳ ಪಟ್ಟಿ ಓದುವ ಬದಲು ಒಂದೇ ಒಂದನ್ನು ನಿಮ್ಮ ಮುಂದಿಡುತ್ತೇನೆ. ಅದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2020ರಲ್ಲಿ ಆರಂಭಿಸಿದ 'ರಿಕವರಿ' ಎಂಬ ಪ್ರಯೋಗ. ಅದನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ಫಲಿತಾಂಶದ ಅರ್ಧ ಭಾಗ ನಮ್ಮ ಮನೆಗಳನ್ನು ತಲುಪಿತು, ಇನ್ನರ್ಧ ತಲುಪಲಿಲ್ಲ. ತಲುಪದೆ ಹೋದ ಆ ಅರ್ಧಕ್ಕಾಗಿ 2021ರ ಬೇಸಿಗೆಯಲ್ಲಿ ನಮ್ಮ ಜನ ತೆತ್ತ ಬೆಲೆ ಸಣ್ಣದಲ್ಲ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೋನಾ ಎಂಬ ಹೊಸ ರೋಗ ಬಂದಿತ್ತು. ಔಷಧಿ ಯಾವುದೆಂದು ಜಗತ್ತಿನ ಯಾವ ವೈದ್ಯನಿಗೂ ತಿಳಿದಿರಲಿಲ್ಲ. ಆದರೆ ತಿಳಿದಿಲ್ಲವೆಂದು ಒಪ್ಪಿಕೊಳ್ಳುವವರ ಸಂಖ್ಯೆ ಬಹಳ ಕಡಿಮೆಯಿತ್ತು. ಅಮೇರಿಕದ ಅಧ್ಯಕ್ಷರು ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಹಾಡಿ ಹೊಗಳಿದರು. ನಮ್ಮ ಐಸಿಎಂಆರ್ ಸಂಸ್ಥೆಯು ಅದೇ ಮಾತ್ರೆಯನ್ನು ಆರೋಗ್ಯ ಸಿಬ್ಬಂದಿ ಮುಂಜಾಗ್ರತೆಗಾಗಿ ಸೇವಿಸಬಹುದೆಂದು ಸಲಹೆ ನೀಡಿತು. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಚಿಕಿತ್ಸೆ. ರೋಗಿ ಬದುಕಿದರೆ ಕೀರ್ತಿ ಔಷಧಿಗೆ, ತೀರಿಕೊಂಡರೆ ಅಪವಾದ ರೋಗಕ್ಕೆ. ಹೀಗಿರುವಾಗ ಯಾವ ಔಷಧಿಯಿಂದ ಉಪಕಾರವಾಯಿತು, ಯಾವುದರಿಂದ ಅಪಾಯವಾಯಿತು ಎಂದು ನಿರ್ಧರಿಸುವುದಾದರೂ ಹೇಗೆ?

ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನು. ಪ್ರಯೋಗದ ಮೊದಲ ಕರಡು ಸಿದ್ಧವಾದ ಒಂಬತ್ತೇ ದಿನಗಳಲ್ಲಿ, ಅಂದರೆ ಮಾರ್ಚ್ 19ರಂದು, ಮೊದಲ ರೋಗಿ ದಾಖಲಾದರು. ಜೂನ್ ಮೊದಲ ವಾರ ಮುಗಿಯುವಷ್ಟರಲ್ಲಿ ಬ್ರಿಟನ್ನಿನ ಸುಮಾರು 175 ಸರಕಾರಿ ಆಸ್ಪತ್ರೆಗಳಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳು ಅದರಲ್ಲಿ ಸೇರಿದ್ದರು. ವಿಧಾನ ಬಹಳ ಸರಳ. ಒಪ್ಪಿಗೆ ಕೊಟ್ಟ ರೋಗಿಯ ಹೆಸರನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ. ಈತನಿಗೆ ಸಾಮಾನ್ಯ ಆರೈಕೆ ಮಾತ್ರ, ಆಕೆಗೆ ಸಾಮಾನ್ಯ ಆರೈಕೆಯ ಜೊತೆ ಇಂತಹ ಔಷಧಿ. 28 ದಿನಗಳ ಬಳಿಕ ಪ್ರತಿಯೊಂದು ಗುಂಪಿನಲ್ಲಿ ಎಷ್ಟು ಮಂದಿ ಬದುಕಿದ್ದಾರೆಂದು ಎಣಿಸುವುದು. ಅಷ್ಟೇ.

ರೋಗಿಯ ಪ್ರಾಣವನ್ನು ಚೀಟಿಗೆ ಒಪ್ಪಿಸುವುದೇ, ಇದು ಜೂಜಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಸ್ವಲ್ಪ ಯೋಚಿಸಿ. ಔಷಧಿ ಕೊಡುವುದು ಒಳ್ಳೆಯದೋ ಕೊಡದಿರುವುದು ಒಳ್ಳೆಯದೋ ಎಂದು ವೈದ್ಯರಿಗೇ ಗೊತ್ತಿಲ್ಲದಾಗ, ಅವರು ತಮ್ಮ ಊಹೆಯಂತೆ ಕೊಡುವುದು ಕೂಡ ಒಂದು ಪ್ರಯೋಗವೇ. ವ್ಯತ್ಯಾಸವೇನೆಂದರೆ ಆ ಪ್ರಯೋಗದಿಂದ ಯಾರೂ ಏನನ್ನೂ ಕಲಿಯುವುದಿಲ್ಲ.

ನಮ್ಮ ಇತಿಹಾಸದಲ್ಲಿ ಹೆಮ್ಮೆಯಿಂದ ಸ್ಮರಿಸುವ ಹೆಸರು ಅಲ್-ರಾಝಿ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅವರು ಮಿದುಳಿನ ಪೊರೆಯ ಉರಿಯೂತದ ಲಕ್ಷಣಗಳಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ನೀಡಿ, ಇನ್ನೊಂದು ಗುಂಪನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಟ್ಟು ಹೋಲಿಸಿದ ಬಗ್ಗೆ ಬರೆದಿಟ್ಟಿದ್ದಾರೆ. ವೇದಿಕೆಗಳಲ್ಲಿ ನಾವು ಇಷ್ಟನ್ನು ಹೇಳಿ ಚಪ್ಪಾಳೆ ಪಡೆದು ಇಳಿದುಬಿಡುತ್ತೇವೆ. ಮುಂದಿನದನ್ನೂ ಹೇಳಬೇಕು. ರಕ್ತ ತೆಗೆಯುವುದರಿಂದ ಪ್ರಯೋಜನವಿದೆಯೆಂಬ ಅವರ ತೀರ್ಮಾನವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಹೋಲಿಸಬೇಕೆಂಬ ಅವರ ಆಲೋಚನೆ ಅದ್ಭುತವಾಗಿತ್ತು. ಆದರೆ ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯನೇ ಆರಿಸಿದರೆ, ತಿಳಿಯದಂತೆಯೇ ಗಟ್ಟಿಮುಟ್ಟಾದವರು ಒಂದು ಕಡೆ, ದುರ್ಬಲರು ಇನ್ನೊಂದು ಕಡೆ ಸೇರಿಬಿಡುವ ಅಪಾಯವಿದೆ. ಚೀಟಿ ಎತ್ತುವ ಕ್ರಮ ಈ ಪಕ್ಷಪಾತವನ್ನು ತಡೆಯುತ್ತದೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಷಯರೋಗ ಪ್ರಯೋಗದಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಕಟ್ಟುನಿಟ್ಟಾಗಿ ಅಳವಡಿಸಿದರು. ಆಗ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಮಂದಿ ಮೃತಪಟ್ಟರೆ, ಪಡೆಯದ 52 ಮಂದಿಯಲ್ಲಿ 14 ಮಂದಿ ಮೃತಪಟ್ಟಿದ್ದರು.

ಇನ್ನು ಆಕ್ಸ್‌ಫರ್ಡಿನ ಫಲಿತಾಂಶಕ್ಕೆ ಬರೋಣ. ಜೂನ್ 5ರಂದು ಮೊದಲ ಘೋಷಣೆ ಹೊರಬಿತ್ತು. ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಸಾವನ್ನು ತಗ್ಗಿಸುವುದಿಲ್ಲ. ಅಧ್ಯಕ್ಷರು, ಮಂತ್ರಿಗಳು, ಟಿವಿ ನಿರೂಪಕರು ಸೇರಿ ಕಟ್ಟಿದ್ದ ಮಹಲು ಕುಸಿಯಿತು. ಹನ್ನೊಂದು ದಿನಗಳ ನಂತರ, ಜೂನ್ 16ರಂದು, ಯಾರೂ ಹೆಚ್ಚು ನಿರೀಕ್ಷೆ ಇಟ್ಟುಕೊಂಡಿರದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಫಲಿತಾಂಶ ಬಂತು. 1950ರ ದಶಕದಲ್ಲಿ ತಯಾರಾದ ಹಳೆಯ ಔಷಧಿ ಅದು. ಪೇಟೆಂಟಿನ ಹಂಗಿಲ್ಲ. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುತ್ತದೆ.

ಇಲ್ಲಿಂದ ನಾನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ದಿನಕ್ಕೆ 6 ಮಿಲಿಗ್ರಾಮಿನಂತೆ ಹೆಚ್ಚೆಂದರೆ ಹತ್ತು ದಿನ ಈ ಔಷಧಿಯನ್ನು 2,104 ಮಂದಿಗೆ ನೀಡಿ, ಔಷಧಿ ಪಡೆಯದ 4,321 ಮಂದಿಯೊಂದಿಗೆ ಹೋಲಿಸಲಾಯಿತು. ವೆಂಟಿಲೇಟರಿನಲ್ಲಿದ್ದವರ ಪೈಕಿ ಔಷಧಿ ಸಿಗದವರಲ್ಲಿ ನೂರಕ್ಕೆ 41 ಮಂದಿ ತೀರಿಕೊಂಡಿದ್ದರೆ ಸಿಕ್ಕವರಲ್ಲಿ 29 ಮಂದಿ. ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಈ ಸಂಖ್ಯೆ 26ರಿಂದ 23ಕ್ಕೆ ಇಳಿಯಿತು. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದಿದ್ದ ರೋಗಿಗಳಿದ್ದರಲ್ಲ, ಅವರಿಗೆ ಕಿಂಚಿತ್ತೂ ಪ್ರಯೋಜನ ಕಾಣಲಿಲ್ಲ. ಔಷಧಿ ಪಡೆಯದವರಲ್ಲಿ ನೂರಕ್ಕೆ 14 ಸಾವು, ಪಡೆದವರಲ್ಲಿ ಸುಮಾರು 18. ಈ ಹೆಚ್ಚಳ ಆಕಸ್ಮಿಕವೂ ಆಗಿರಬಹುದೆಂದು ಸಂಶೋಧಕರು ಎಚ್ಚರಿಕೆಯಿಂದ ಹೇಳಿದರು. ಆದರೆ ಅಪಾಯದ ಸಾಧ್ಯತೆಯನ್ನು ಅವರು ಬಚ್ಚಿಡಲಿಲ್ಲ.

ಒಂದೇ ಔಷಧಿ, ಒಂದೇ ರೋಗ. ಒಬ್ಬನಿಗೆ ಜೀವದಾನ, ಇನ್ನೊಬ್ಬನಿಗೆ ನಿಷ್ಪ್ರಯೋಜಕ ಅಥವಾ ಅಪಾಯ. ಇದಕ್ಕೆ ಕಾರಣವಿದೆ. ರೋಗದ ಆರಂಭದ ದಿನಗಳಲ್ಲಿ ದೇಹದ ರೋಗನಿರೋಧಕ ಶಕ್ತಿ ವೈರಸ್ಸಿನೊಂದಿಗೆ ಹೋರಾಡುತ್ತಿರುತ್ತದೆ. ಆಗ ಸ್ಟೀರಾಯ್ಡ್ ಕೊಟ್ಟರೆ ನಮ್ಮ ಸೈನಿಕರ ಕೈಯನ್ನೇ ಕಟ್ಟಿಹಾಕಿದಂತೆ. ರೋಗ ಉಲ್ಬಣಿಸಿದ ಮೇಲೆ ಕೆಲವರಲ್ಲಿ ಇದೇ ರೋಗನಿರೋಧಕ ಶಕ್ತಿ ಹದ್ದುಮೀರಿ ಶ್ವಾಸಕೋಶಕ್ಕೇ ಉರಿಯೂತ ಉಂಟುಮಾಡುತ್ತದೆ. ಆಗ ಅದನ್ನು ಹತೋಟಿಗೆ ತರಲು ಸ್ಟೀರಾಯ್ಡ್ ಬೇಕು.

ಬ್ರಿಟನ್ನಿನ ಆಸ್ಪತ್ರೆಗಳು ಫಲಿತಾಂಶ ಬಂದ ದಿನವೇ ಚಿಕಿತ್ಸಾ ಕ್ರಮವನ್ನು ಬದಲಾಯಿಸಿದವು. ಜೂನ್ 27ರಂದು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ತನ್ನ ಮಾರ್ಗಸೂಚಿಯಲ್ಲಿ ಈ ಔಷಧಿಯನ್ನು ಸೇರಿಸಿತು. ಮಧ್ಯಮ ಮತ್ತು ತೀವ್ರ ಸ್ವರೂಪದ ರೋಗಿಗಳಿಗೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ದುರದೃಷ್ಟವಶಾತ್ ಕಾಗದದ ಮೇಲಿದ್ದ ಆ ಸ್ಪಷ್ಟತೆ ಬೀದಿಗೆ ಬರುವಾಗ ಉಳಿಯಲಿಲ್ಲ. 'ಕೊರೋನಾಕ್ಕೆ ಸ್ಟೀರಾಯ್ಡ್ ರಾಮಬಾಣ' ಎಂಬುದಷ್ಟೇ ಉಳಿಯಿತು.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಯಿರಲಿಲ್ಲ, ಆಮ್ಲಜನಕವಿರಲಿಲ್ಲ. ಜನರ ಕೈಯಲ್ಲಿದ್ದುದು ಮೊಬೈಲ್ ಮಾತ್ರ. ಯಾರೋ ಬರೆದ ಔಷಧಿಗಳ ಪಟ್ಟಿ ವಾಟ್ಸಾಪಿನಲ್ಲಿ ಊರಿಂದೂರಿಗೆ ಹರಿಯಿತು. ಜ್ವರ ಬಂದ ಎರಡನೇ ದಿನವೇ ಮನೆಯಲ್ಲಿ ಸ್ಟೀರಾಯ್ಡ್ ಮಾತ್ರೆ ಶುರು. ನನ್ನ ಪರಿಚಯದ ವ್ಯಾಪಾರಿಯೋರ್ವರು ಹಲವು ವರ್ಷಗಳ ಸಕ್ಕರೆ ಕಾಯಿಲೆಯವರು. ಪಟ್ಟಿ ತಂದುಕೊಟ್ಟವನು ಅವರನ್ನು ಬಹಳ ಪ್ರೀತಿಸುವ ಅಕ್ಕನ ಮಗ. ಉಸಿರಾಟಕ್ಕೆ ಯಾವ ತೊಂದರೆಯೂ ಇರಲಿಲ್ಲ. ಕೊರೋನಾ ವಾಸಿಯಾಯಿತು. ಮೂರು ವಾರಗಳೊಳಗೆ ಮುಖದ ಒಂದು ಬದಿ ಊದಿಕೊಂಡಿತು, ಎಡಗಣ್ಣನ್ನು ತೆಗೆಯಬೇಕಾಯಿತು. 'ಮಾಮಾ, ಇದಕ್ಕೆ ನಾನೇ ಕಾರಣನಾದೆನೇ?' ಎಂದು ಆ ಹುಡುಗ ಕೇಳಿದನಂತೆ. ಅವರು ಏನೂ ಹೇಳದೆ ಅವನ ತಲೆ ಸವರಿದರಂತೆ.

ಕಪ್ಪು ಶಿಲೀಂಧ್ರ ಎಂದು ನಾವು ಕರೆದ ಆ ರೋಗಕ್ಕೆ ಸ್ಟೀರಾಯ್ಡ್ ಒಂದೇ ಕಾರಣವೆಂದು ಹೇಳಲಾಗದು. ಆದರೆ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಹತೋಟಿಯಿಲ್ಲದ ಮಧುಮೇಹದೊಂದಿಗೆ ಇವೆರಡೂ ಕೂಡಿದರೆ ಶಿಲೀಂಧ್ರಕ್ಕೆ ಬೇರೆ ಆಹ್ವಾನ ಬೇಕಿಲ್ಲ. ಲಘು ರೋಗಲಕ್ಷಣದವರು ಆರಂಭದಲ್ಲೇ ಸ್ಟೀರಾಯ್ಡ್ ಸೇವಿಸಬಾರದೆಂದು ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ 2021ರ ಮೇ ಮೊದಲ ವಾರದಲ್ಲೇ ಬಹಿರಂಗವಾಗಿ ಎಚ್ಚರಿಸಿದರು. ಆ ವೇಳೆಗೆ ಬಹಳಷ್ಟು ಮನೆಗಳಲ್ಲಿ ಮಾತ್ರೆಯ ಪಟ್ಟಿಗಳು ಖಾಲಿಯಾಗಿದ್ದವು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಈ ರೋಗದ ಚಿಕಿತ್ಸೆಗೆಂದು ಗುರುತಿಸಬೇಕಾಯಿತು. ಆಂಫೊಟೆರಿಸಿನ್ ಔಷಧಿಗಾಗಿ ಕುಟುಂಬಗಳು ಪಟ್ಟ ಪಾಡು ನಿಮಗೆ ನೆನಪಿರಬಹುದು.

ಅದೇ ದಿನಗಳ ಇನ್ನೊಂದು ದೃಶ್ಯ ರೆಮ್ಡೆಸಿವಿರ್ ಚುಚ್ಚುಮದ್ದಿನದು. ಕಾಳಸಂತೆಯಲ್ಲಿ ಅದನ್ನು ಕೊಳ್ಳಲು ಜನ ಒಡವೆ ಮಾರಿದರು. ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದ ಮಧ್ಯಂತರ ವರದಿ 2020ರ ಅಕ್ಟೋಬರಿನಲ್ಲೇ ಬಂದಿತ್ತು. ಸಾವನ್ನು ತಗ್ಗಿಸುವಲ್ಲಿ ಅದರ ಪರಿಣಾಮ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂಬುದು ಅದರ ಸಾರ. ನಂತರದ ಪೂರ್ಣ ವರದಿಯಲ್ಲಿ ವೆಂಟಿಲೇಟರಿನಲ್ಲಿ ಇಲ್ಲದವರಿಗೆ ಅಲ್ಪ ಪ್ರಯೋಜನ ಕಂಡುಬಂತು, ಅಷ್ಟೇ. ಸಾವಿರಾರು ರೂಪಾಯಿಯ ಚುಚ್ಚುಮದ್ದಿಗಾಗಿ ಮಗ ಬೀದಿ ಬೀದಿ ಅಲೆಯುತ್ತಿದ್ದಾಗ, ಆಮ್ಲಜನಕದ ನಳಿಕೆಯೊಂದಿಗೆ ಮಲಗಿದ್ದ ತಂದೆಗೆ ನಿಜಕ್ಕೂ ಬೇಕಾದ ಔಷಧಿ ಕೆಲವು ರೂಪಾಯಿಗಳದ್ದಾಗಿತ್ತು.

ಇಷ್ಟು ಅಗ್ಗದ ಔಷಧಿಯನ್ನು ಪರೀಕ್ಷಿಸಲು ಯಾವ ಕಂಪೆನಿ ತಾನೇ ಹಣ ಹಾಕುತ್ತದೆ? ರಿಕವರಿ ಪ್ರಯೋಗಕ್ಕೆ ಆರಂಭದಲ್ಲಿ ದೊರೆತ 21 ಲಕ್ಷ ಪೌಂಡ್ ಬ್ರಿಟನ್ನಿನ ಸಾರ್ವಜನಿಕ ಹಣ. ಅದನ್ನು ನಡೆಸಿದ್ದು ಸಾರ್ವಜನಿಕ ಆಸ್ಪತ್ರೆಗಳ ದಾದಿಯರು ಮತ್ತು ವೈದ್ಯರು. 2021ರ ಮಾರ್ಚ್ ವೇಳೆಗೆ ಜಗತ್ತಿನಾದ್ಯಂತ ಹತ್ತು ಲಕ್ಷ ಜೀವಗಳು ಇದರಿಂದ ಉಳಿದಿರಬಹುದೆಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಅಂದಾಜಿಸಿದೆ. ಸರಕಾರಿ ಆಸ್ಪತ್ರೆಯನ್ನು ಬಡವರ ಪಾಲಿನ ಕೊನೆಯ ಆಸರೆಯೆಂದಷ್ಟೇ ನೋಡುವ ನಮ್ಮ ಆಡಳಿತಗಾರರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ನಮ್ಮಲ್ಲಿ ಇಂಥದ್ದು ಸಾಧ್ಯವಿಲ್ಲವೆಂದಲ್ಲ. ಪ್ಲಾಸ್ಮಾ ಚಿಕಿತ್ಸೆಯನ್ನು ತೆಗೆದುಕೊಳ್ಳಿ. 2020ರ ಏಪ್ರಿಲಿನಲ್ಲಿ ತಬ್ಲೀಗ್ ಜಮಾಅತ್‌ನ ಸದಸ್ಯರನ್ನು ರೋಗ ಹರಡುವ ಅಪರಾಧಿಗಳೆಂದು ಟಿವಿ ಚಾನೆಲುಗಳು ಹಗಲಿರುಳೂ ಬಿಂಬಿಸುತ್ತಿದ್ದವು. ಅದೇ ತಿಂಗಳ ಕೊನೆಗೆ ಗುಣಮುಖರಾದ ಅನೇಕರು ದೆಹಲಿಯಲ್ಲಿ ಪ್ಲಾಸ್ಮಾ ದಾನಕ್ಕೆ ಸಾಲಾಗಿ ಬಂದರು. ನಿಂದಿಸಿದವರಿಗೂ ಸಲ್ಲಬಹುದಾದ ದಾನವದು. ಆಗ ಪ್ಲಾಸ್ಮಾದ ಮೇಲೆ ಎಲ್ಲರಿಗೂ ಭಾರೀ ನಂಬಿಕೆ. ಐಸಿಎಂಆರ್ ಅದನ್ನು 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಚೀಟಿ ಎತ್ತುವ ಕ್ರಮದಲ್ಲೇ ಪರೀಕ್ಷಿಸಿತು. ಪ್ರಯೋಜನ ಕಾಣಲಿಲ್ಲ. ಆಕ್ಸ್‌ಫರ್ಡಿನವರು ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದಾಗಲೂ ಎರಡೂ ಗುಂಪುಗಳಲ್ಲಿ ಸಾವು ನೂರಕ್ಕೆ 24. ದಾನಿಗಳ ಉದಾತ್ತತೆಗೆ ಇದರಿಂದ ಕುಂದಿಲ್ಲ, ಆದರೆ ಸದುದ್ದೇಶ ಬೇರೆ, ಪರಿಣಾಮ ಬೇರೆ. ಖೇದಕರವೆಂದರೆ ನಮ್ಮದೇ ವಿಜ್ಞಾನಿಗಳ ಈ ವರದಿ 2020ರ ಅಕ್ಟೋಬರಿನಲ್ಲಿ ಪ್ರಕಟವಾದರೂ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ 17ರಂದು. ಆ ಏಳು ತಿಂಗಳು ಎಷ್ಟು ಕುಟುಂಬಗಳು ದಾನಿಗಳನ್ನು ಹುಡುಕುತ್ತಾ ಅಲೆದವು!

ಮದ್ರಸದ ತರಗತಿಯಲ್ಲಿ ನಮಗೆ ಹದೀಸ್ ಕಲಿಸುವಾಗ ಮೊದಲು ಕೇಳುತ್ತಿದ್ದುದು ಸನದ್ ಯಾವುದೆಂದು. ಯಾರು ಹೇಳಿದರು, ಯಾರಿಂದ ಕೇಳಿದರು, ಮಧ್ಯದಲ್ಲಿ ಕೊಂಡಿ ಕಳಚಿದೆಯೇ, ಹೇಳಿದವನ ನೆನಪು ಸರಿಯಿತ್ತೇ. ಪ್ರವಾದಿಯವರ(ಸ) ಹೆಸರಿನಲ್ಲಿ ಬಂದ ಒಂದು ವಾಕ್ಯಕ್ಕೆ ಇಷ್ಟು ಪರಿಶೋಧನೆ ನಡೆಸಿದ ಪರಂಪರೆಯವರು, ಮನೆಯವರ ಹೊಟ್ಟೆಗೆ ಹೋಗುವ ಮಾತ್ರೆಯ ಬಗ್ಗೆ ಬಂದ ಸಂದೇಶವನ್ನು ಒಂದೇ ಬೆರಳಿನಿಂದ ಐವತ್ತು ಮಂದಿಗೆ ರವಾನಿಸುತ್ತೇವೆ.

ಇಲ್ಲಿರುವ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಈ ಔಷಧಿಯನ್ನು ಎಂತಹ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ? ಅವರನ್ನು ಯಾರೊಂದಿಗೆ ಹೋಲಿಸಿದ್ದಾರೆ? ನನ್ನ ತಾಯಿಯ ಸ್ಥಿತಿ ಆ ರೋಗಿಗಳಂತೆಯೇ ಇದೆಯೇ? ಪ್ರಮಾಣವೂ ಮುಖ್ಯ. ರಿಕವರಿ ಪ್ರಯೋಗದವರೇ 2023ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಂತೆ, ವೆಂಟಿಲೇಟರಿನಂತಹ ಯಂತ್ರದ ಸಹಾಯ ಬೇಕಿಲ್ಲದ ರೋಗಿಗಳಿಗೆ ಡೆಕ್ಸಾಮೆಥಾಸೋನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಸಾವು ನೂರಕ್ಕೆ 12ರಿಂದ 19ಕ್ಕೆ ಏರಿತು. ಆರು ಮಿಲಿಗ್ರಾಂ ಒಳ್ಳೆಯದಾದರೆ ಇಪ್ಪತ್ತು ಮಿಲಿಗ್ರಾಂ ಇನ್ನೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗೆಂದು ಇಂದು ಮನೆಗೆ ಹೋಗಿ ಸ್ಟೀರಾಯ್ಡ್ ವಿಷವೆಂದು ಯಾರೂ ಸಾರಬೇಡಿ. ಆಸ್ತಮಾದವರ ಇನ್‌ಹೇಲರಿನಲ್ಲಿ ಅದು ಇರುತ್ತದೆ, ಸಂಧಿವಾತದ ಕೆಲವು ರೋಗಿಗಳು ವರ್ಷಾನುಗಟ್ಟಲೆ ಸೇವಿಸುತ್ತಾರೆ. ಬಹುಕಾಲದಿಂದ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಮಧುಮೇಹಿಗಳಿಗೆ ಅನಿವಾರ್ಯವಾಗಿ ಸ್ಟೀರಾಯ್ಡ್ ಕೊಡಬೇಕಾದಾಗ ಸಕ್ಕರೆಯನ್ನು ಹೇಗೆ ಗಮನಿಸಬೇಕೆಂಬುದನ್ನು ವೇದಿಕೆಯಲ್ಲಿರುವ ವೈದ್ಯರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ತಾಯಂದಿರಲ್ಲಿ ಹಲವರು ಚೀಟಿಗಳಲ್ಲಿ ಪ್ರಶ್ನೆ ಬರೆದು ಕಳುಹಿಸಿದ್ದಾರೆ. ಉಳಿದ ಸಮಯವನ್ನು ಅವರಿಗೆ ಬಿಟ್ಟುಕೊಡುತ್ತೇನೆ.