ಸೋಮವಾರದ ಬಿಡುವು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಾರ್ಯದರ್ಶಿಗಳು ಈಗತಾನೇ ಅಢಾವೆ ಪತ್ರಿಕೆ ಓದಿದರು. ಸಂಘದ ಜಮಾ ಎಷ್ಟು, ಖರ್ಚು ಎಷ್ಟು, ಬರಬೇಕಾದ ಬಾಕಿ ಎಷ್ಟು, ಎಲ್ಲಾ ಪೈಸಾಕ್ಕ ಪೈಸಾ ತಿಳೀತು. ಹಂಗ ನಾವು ಸದಸ್ಯರು ನಮ್ಮ ಬದುಕಿನ ಅಢಾವೆ ಯಾವಾಗ ಬರೀತೇವಿ? ಕುಂತು ಬರಿಯಾಕ ಹೊತ್ತರೆ ಎಲ್ಲೈತಿ? ಈ ವಿಷಯ ಕುರಿತು ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಎಸ್.ಎಸ್.ಎಲ್.ಸಿ. ಓದಿದವನು, ದೊಡ್ಡ ದೊಡ್ಡ ಮಾತು ಬರೋದಿಲ್ಲ.

ನಮ್ಮ ಬೈಲಹೊಂಗಲ ಸೀಮೆಯದು ಎರೆ ಭೂಮಿ. ಹಿಂದಕ ಜೋಳ, ಹತ್ತಿ, ಕಡ್ಲಿ ಬಿತ್ತಿ ಮಳಿ ದಾರಿ ಕಾಯುತ್ತಿದ್ದರು. ಈಗ ಮುಂಗಾರಿಗೆ ಸೋಯಾ, ಹೆಸರು, ಅದನ್ನು ತೆಗೆದ ಕೂಡಲೇ ಹಿಂಗಾರಿಗೆ ಕಡ್ಲಿ, ಜೋಳ, ನೀರಿದ್ದವರಿಗೆ ಕಬ್ಬು. ಹೊಲಕ್ಕೂ ಬಿಡುವಿಲ್ಲ, ಹೊಲದವನಿಗೂ ಬಿಡುವಿಲ್ಲ. ಇದರಿಂದ ಉತ್ಪನ್ನ ಹೆಚ್ಚಾಗೈತಿ, ನಮ್ಮ ಮಕ್ಕಳು ಕಾಲೇಜು ಕಂಡದ್ದೂ ಅದರಿಂದಲೇ. ಅದು ಬ್ಯಾಡ ಅನ್ನುವವರು ಹೊಟ್ಟಿ ತುಂಬಿದವರು.

ಆದರೆ ಹಿರಿಯರು ಒಂದು ಕಟ್ಟು ಮಾಡಿದ್ದರು. ಸೋಮವಾರ ಬಸವಣ್ಣನ ವಾರ ಅಂತ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತಿನ ಮೈ ತೊಳೆದು ಗುಡಿಕಟ್ಟಿ ಮ್ಯಾಲೆ ಕೂಡತಿದ್ದರು. ಯಾರ ಹೊಲ ಯಾಕ ಬರಲಿಲ್ಲ, ಯಾರಿಗೆ ಎಷ್ಟು ಸಾಲ ಆಗೈತಿ, ಮಗಳ ಮದುವಿಗೆ ಎಷ್ಟು ಖರ್ಚು ಹಾಕಬೇಕು, ಎಲ್ಲಾ ಅಲ್ಲೇ ಮಾತಾಗತಿತ್ತು. ಎತ್ತಿನ ನೆವದಾಗ ಮನುಷ್ಯಾಗೂ ಬಿಡುವು. ಈಗ ಟ್ರ್ಯಾಕ್ಟರ್ ಬಂದೈತಿ. ಅದಕ್ಕ ಸೋಮವಾರ ಗೊತ್ತಿಲ್ಲ, ಕಂತಿನ ತಾರೀಖು ಮಾತ್ರ ಗೊತ್ತು.

ಬಿಡುವು ಅಂದಕೂಡಲೇ ಸೋಮಾರಿತನ ಅಂತ ತಿಳಿಯುವವರಿದ್ದಾರೆ. ಅವರು 12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ಶರಣ ದಂಪತಿಗಳ ಕಥೆ ನೆನೆಸಬೇಕು. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅನುಭಾವದ ಮಾತಿನಲ್ಲಿ ಕುಳಿತು ಹೊತ್ತು ಮರೆತರು. ಕಾಯಕದ ಹೊತ್ತು ಮೀರುತ್ತದೆಂದು ಲಕ್ಕಮ್ಮ ಎಚ್ಚರಿಸಿ ಕಳಿಸಿದಳು. ಇನ್ನೊಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಇಷ್ಟು ನಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬರ್ರಿ ಅಂತ ಅದೇ ಲಕ್ಕಮ್ಮ ತಿರುಗಿ ಕಳಿಸಿದಳು. ನಾವು ಭಾಷಣದಾಗ ಮೊದಲನೇ ದಿನದ ಮಾತಷ್ಟೇ ಹೇಳತೇವಿ, ಎರಡನೇ ದಿನದ್ದು ಮರೀತೇವಿ. ತಾಯಂದಿರು ನಗಬ್ಯಾಡ್ರಿ. ಸಾಕು ಅನ್ನುವ ಲೆಕ್ಕ ಇವತ್ತಿಗೂ ಬಹಳ ಮನಿಯಾಗ ನಿಮ್ಮ ಕೈಯಾಗೇ ಐತಿ.

ಸಂಘಕ್ಕೂ ಈ ಮಾತು ಹತ್ತತೈತಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತ ಸಾವಕಾರನ ಬಾಗಿಲು ಕಾಯಬಾರದು ಅಂತ. 2023ರಲ್ಲಿ ರಾಜ್ಯ ಸರಕಾರ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಒಳ್ಳೇದಾತು. ಆದರ ಮಿತಿ ಏರಿದ ಕೂಡಲೇ ನಮ್ಮ ಗರಜೂ ಏರಿತು! ಎಷ್ಟು ಸಿಗತೈತ್ರಿ ಅಂತ ಕೇಳುವವರು ಬಹಳ ಮಂದಿ. ಎಷ್ಟು ಬೇಕು ಅಂತ ಮನಿಯಾಗ ಕುಂತು ವಿಚಾರ ಮಾಡಿ ಬಂದವರು ಕಡಿಮಿ. ಮುದತ್ತಿನೊಳಗೆ ಮುಟ್ಟಿಸಿದರ ಮಾತ್ರ ಶೂನ್ಯ ಬಡ್ಡಿ. ಮುದತ್ತು ತಪ್ಪಿದರ ನಿದ್ದಿ ಹೋಗತೈತಿ. ಸಾಲಕ್ಕೆ ಅಂಜಿ ಜೀವ ಕಳಕೊಂಡ ರೈತರ ಸುದ್ದಿ ನಮ್ಮ ಜಿಲ್ಲೆಯಿಂದಲೂ ಬಂದಾವು. ಪಕ್ಕದ ಹೊಲದವನಿಗೂ ಮೊದಲು ಗೊತ್ತಿರೋದಿಲ್ಲ. ಗೊತ್ತಾಗಬೇಕಾದರ ಇಬ್ಬರೂ ಒಂದ ಕಡೆ ಕೂಡಬೇಕಲ್ಲ!

ಅದಕ್ಕ ಆಡಳಿತ ಮಂಡಳಿಯ ಮುಂದೆ ನನ್ನದೊಂದು ಸೂಚನೆ. ಸೋಮವಾರ ಸಂಜಿಮುಂದ ಸಂಘದ ಗೋದಾಮಿನ ಕಟ್ಟಿ ಸದಸ್ಯರಿಗೆ ಬಿಟ್ಟುಕೊಡೋಣ. ಗಂಡಸರು, ಹೆಣ್ಣುಮಕ್ಕಳು ಎಲ್ಲಾರೂ ಬರಲಿ. ಬೇಕಾದವರು ತಮ್ಮ ಲೆಕ್ಕದ ವಹಿ ತರಲಿ, ಬ್ಯಾಡಾದವರು ಸುಮ್ಮನ ಕೂಡಲಿ. ಆ ಹೊತ್ತಿನಾಗ ಕಾರ್ಯದರ್ಶಿಗಳು ಬಾಕಿ ಕೇಳಬಾರದು. ಬಾಕಿ ಕೇಳಲಿಕ್ಕೆ ಮಂಗಳವಾರ ಇದ್ದೇ ಐತಿ.