ಮಗ್ಗುಲು ಬದಲಿಸುವ ಕೈಗಳು



ಹಾಸಿಗೆ ಹಿಡಿದ ವೃದ್ಧರ ಆರೈಕೆಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಕಟ್ಟಡ, ಮಂಚ, ವೈದ್ಯರ ಭೇಟಿಗಳ ಸುತ್ತಲೇ ತಿರುಗುತ್ತದೆ. ನಾನು ಈ ಸಂಕಿರಣದ ಮುಂದಿಡಬಯಸುವ ವಾದ ಇಷ್ಟು: ಇಂಥವರ ಪಾಲಿಗೆ ಊಟ, ಸ್ನಾನ, ಎಬ್ಬಿಸಿ ಕೂರಿಸುವುದು ಇವೇ ಚಿಕಿತ್ಸೆಯ ಬಹುಪಾಲು. ಆದ್ದರಿಂದ ಆ ಕೆಲಸ ಮಾಡುವವರು ಎಷ್ಟು ಮಂದಿ, ಏನು ಕಲಿತಿದ್ದಾರೆ, ಎಷ್ಟು ಸಂಬಳ ಪಡೆಯುತ್ತಾರೆ ಎಂಬುದರಿಂದಲೇ ಒಂದು ಶುಶ್ರೂಷಾ ಗೃಹವನ್ನು ಅಳೆಯಬೇಕು.

ಪಾರ್ಶ್ವವಾಯು ಬಡಿದ ಅನೇಕರಿಗೆ ನುಂಗುವುದೇ ಕಷ್ಟ. ಬಾಯಾರಿದವರಿಗೆ ಮೊದಲು ಕೊಡುವುದು ನೀರು; ಆದರೆ ತೆಳುವಾದ ನೀರೇ ಥಟ್ಟನೆ ಜಾರಿ ಶ್ವಾಸನಾಳ ಸೇರುವ ಅಪಾಯ ಹೆಚ್ಚು. ಕೆಲವರಿಗೆ ಸ್ವಲ್ಪ ಗಟ್ಟಿಯಾಗಿ ಕಾಯಿಸಿದ ರಾಗಿ ಅಂಬಲಿ ಅದಕ್ಕಿಂತ ಸುರಕ್ಷಿತ. ನೆಟ್ಟಗೆ ಕೂರಿಸಿ, ಗದ್ದ ತುಸು ತಗ್ಗಿಸಿ, ಒಂದು ಚಮಚ ಇಳಿದ ಮೇಲೆ ಇನ್ನೊಂದು ಕೊಡಬೇಕು. ಊಟವಾದ ಕೂಡಲೇ ಮಲಗಿಸಬಾರದು. ಅವಸರದ ಒಂದು ಊಟ ನ್ಯುಮೋನಿಯಾಕ್ಕೆ ದಾರಿಯಾಗಬಹುದು. ಹಾಸಿಗೆ ಹುಣ್ಣಿನ ಕಥೆಯೂ ಹೀಗೆಯೇ. ಟೊಂಕದ ಮೂಳೆ, ಹಿಮ್ಮಡಿಗಳ ಮೇಲೆ ಒತ್ತಡ ಬಿದ್ದು ರಕ್ತ ಹರಿಯದೆ ಚರ್ಮ ಸಾಯುತ್ತದೆ. ಒದ್ದೆ ಬಟ್ಟೆ ಅದನ್ನು ಬೇಗ ಕೆಡಿಸುತ್ತದೆ. ಇಂಗ್ಲೆಂಡಿನ ದಾದಿ ಡೋರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಪಾಯವನ್ನು ಐದು ಸಂಗತಿಗಳಿಂದ ಅಂದಾಜಿಸಿದರು: ದೇಹಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಕೈಕಾಲು ಹೊರಳಿಸುವ ಶಕ್ತಿ, ಮಲಮೂತ್ರದ ಹತೋಟಿ. ಇವುಗಳಲ್ಲಿ ಒಂದಕ್ಕೂ ಯಂತ್ರ ಬೇಡ. ದಿನವೂ ಮೈ ಮುಟ್ಟಿ ನೋಡುವವರ ಕಣ್ಣು ಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈ ಬೇಕು, ರಾತ್ರಿ ಎರಡು ಗಂಟೆಗೂ.

ನಮ್ಮ ಕಾನೂನು ಈ ಕೈಗಳನ್ನು ಕಂಡಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದ 19ನೇ ಪ್ರಕರಣ, ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಲಿ, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರಲಿ ಎನ್ನುತ್ತದೆ. 20ನೇ ಪ್ರಕರಣ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆಯ ಮಾತಾಡುತ್ತದೆ. ಮನೆಯಲ್ಲಿ ನೋಡಿಕೊಳ್ಳಲಾಗದ, ಆಸ್ಪತ್ರೆಯೂ ಇಟ್ಟುಕೊಳ್ಳದ ವ್ಯಕ್ತಿ ಇವೆರಡರ ನಡುವೆ ಬೀಳುತ್ತಾರೆ. ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನಷ್ಟೇ ಸೇರಿಸಿಕೊಳ್ಳುವ ವೃದ್ಧಾಶ್ರಮಗಳು ಎಷ್ಟಿಲ್ಲ!

ಮನೆಯೇ ಇರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪ ಬರುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಹುಪಾಲು ವೃದ್ಧರಿಗೆ ಮನೆಯೇ ಲೇಸು. ಗಡಿಯಾಚೆಯ ಕೇರಳದಲ್ಲಿ ನೆರೆಹೊರೆಯ ಸ್ವಯಂಸೇವಕರು, ದಾದಿಯರು ಮನೆಗೇ ಬಂದು ಉಪಶಾಮಕ ಆರೈಕೆ ನೀಡುತ್ತಾರೆ. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಆದರೆ ಮನೆ ಎಂದರೆ ಯಾರು? ಹಗಲು ಹೊಲದಲ್ಲಿ ದುಡಿದು ಇರುಳು ಅತ್ತೆಯ ಮಗ್ಗುಲು ಬದಲಿಸುವ ಒಬ್ಬ ಸೊಸೆ. ಹಾಸನದ ಗಡಿಗೆ ತಾಗಿದ, ಕಾವೇರಿ ದಂಡೆಯ ಈ ಶಿರಂಗಾಲದಂಥ ಊರುಗಳಿಂದ ಮಕ್ಕಳು ಮೈಸೂರು, ಬೆಂಗಳೂರು ಸೇರಿದ್ದಾರೆ. ಇತ್ತ ಕಾಫಿ ತೋಟದ ಲೈನ್ ಮನೆಗಳಲ್ಲಿ ಮುಪ್ಪಾದವರಿಗೆ ಕೆಲಸ ನಿಂತರೆ ಸೂರೂ ಅನಿಶ್ಚಿತ. ಕುಟುಂಬದ ಪ್ರೀತಿಯನ್ನು ನಂಬೋಣ; ಒಬ್ಬಳೇ ಹೆಂಗಸಿನ ನಿದ್ದೆಯ ಮೇಲೆ ವ್ಯವಸ್ಥೆ ಕಟ್ಟುವುದು ಬೇಡ.

ಇನ್ನು ಹಣದ ಮಾತು. ಕೇಂದ್ರ ಸರ್ಕಾರ 2024ರಲ್ಲಿ 70 ತುಂಬಿದವರಿಗೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ರಕ್ಷಣೆ ಪ್ರಕಟಿಸಿತು. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಹುಣ್ಣು ಕೊಳೆತು ಮಡಿಕೇರಿಯ ಆಸ್ಪತ್ರೆಗೆ ಸಾಗಿಸಿದ ಮೇಲೆ ಖರ್ಚು ಭರಿಸಲು ಸಿದ್ಧರಿರುವ ನಾವು, ಹುಣ್ಣಾಗದಂತೆ ನೋಡಿಕೊಳ್ಳುವ ಆಯಾಳ ಸಂಬಳಕ್ಕೆ ಮಾತ್ರ ಹಣವಿಲ್ಲ ಎನ್ನುತ್ತೇವೆ. ಕಾನೂನು ಈ ಕೈಗಳನ್ನು ಕಾಣಬಲ್ಲದು ಎಂಬುದಕ್ಕೆ ಉದಾಹರಣೆಯೂ ಇದೆ: ಅಮೆರಿಕದಲ್ಲಿ 1987ರ ಕಾನೂನು ಶುಶ್ರೂಷಾ ಗೃಹದ ಸಹಾಯಕಿಯರಿಗೆ ಕನಿಷ್ಠ 75 ಗಂಟೆಗಳ ತರಬೇತಿಯನ್ನು ಕಡ್ಡಾಯ ಮಾಡಿತು. ಸಿಬ್ಬಂದಿಯ ಅನುಕೂಲಕ್ಕಾಗಿ ವೃದ್ಧರನ್ನು ಕಟ್ಟಿಹಾಕುವುದನ್ನು ನಿಷೇಧಿಸಿತು. ಅಲ್ಲಿಯೂ ಕೊರತೆಗಳಿವೆ, ಸಿಬ್ಬಂದಿ ಸಾಲದು ಎಂಬ ದೂರು ಇಂದಿಗೂ ನಿಂತಿಲ್ಲ. ಆದರೂ ಮರೆವಿನ ಕಾಯಿಲೆಯ ಅಜ್ಜ ರಾತ್ರಿ ಎದ್ದು ಓಡಾಡುತ್ತಾರೆಂದು ಮಂಚಕ್ಕೆ ಕಟ್ಟುವುದು ಆರೈಕೆಯಲ್ಲ ಎಂದು ಕಾನೂನಿನಲ್ಲೇ ಬರೆದದ್ದು ಸಣ್ಣ ಸಂಗತಿಯಲ್ಲ.

ಹಾಗಾಗಿ ಇಂದಿನ ಗೋಷ್ಠಿಗಳು ಮೊದಲು ರಾತ್ರಿ ಪಾಳಿಯಿಂದ ಆರಂಭವಾಗಲಿ. ಎಷ್ಟು ಮಂದಿ ಹಾಸಿಗೆ ಹಿಡಿದವರಿಗೆ ಒಬ್ಬ ಆರೈಕೆದಾರರು, ಮಗ್ಗುಲು ಬದಲಿಸಿದ ಹೊತ್ತನ್ನು ಬರೆದಿಡುವ ಪುಸ್ತಕ ಮನೆಯವರ ಕೈಗೂ ಸಿಗಬೇಕೇ, ಆ ಆರೈಕೆದಾರರ ಸಂಬಳದಲ್ಲಿ ಸರ್ಕಾರದ ಪಾಲೆಷ್ಟು: ಈ ಮೂರಕ್ಕೆ ಸಂಜೆಯೊಳಗೆ ಒಂದು ಕರಡು ಸಿದ್ಧವಾಗಲಿ ಎಂದು ಕೇಳಿಕೊಳ್ಳುತ್ತೇನೆ.